ಒಂದು ಬೆರಳಿನ ಆಸರೆ

(ನಮ್ಮ ಬಡಾವಣೆಯ ವಾಚನಾಲಯದಲ್ಲಿ ಒಂದು ಭಾನುವಾರ ಬೆಳಗ್ಗೆ ಆಡಿದ ಮಾತುಗಳಿವು. ಬಂದಿದ್ದವರಲ್ಲಿ ಕೆಲವರು ಬರೆದುಕೊಡಿ ಎಂದು ಕೇಳಿದರು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಾತಿಗೆ ಮೊದಲು ಒಂದು ಸಣ್ಣ ಕೆಲಸ ಮಾಡೋಣ. ಆಗುವವರು ಎದ್ದು ನಿಲ್ಲಿ. ತಲೆಸುತ್ತು, ಮಂಡಿನೋವು ಇರುವವರು ಕೂತೇ ಇರಿ, ನೋಡಿದರೂ ಸಾಕು. ಕುರ್ಚಿಯ ಬೆನ್ನು ಕೈಗೆ ಸಿಗುವಷ್ಟು ಹತ್ತಿರ ಇರಲಿ. ಈಗ ಒಂದು ಕಾಲನ್ನು ಸ್ವಲ್ಪ ಮೇಲೆತ್ತಿ. ನಾನು ಹತ್ತರವರೆಗೆ ಎಣಿಸುತ್ತೇನೆ.

ಆಯಿತು, ಇಳಿಸಿ. ನಿಂತಿದ್ದ ಪಾದ ಏನು ಮಾಡುತ್ತಿತ್ತು, ಗಮನಿಸಿದಿರಾ? ಅದು ಸುಮ್ನೆ ನಿಂತಿರಲಿಲ್ಲ ಅಲ್ವಾ? ಹಿಮ್ಮಡಿ, ಹೆಬ್ಬೆರಳು, ಕಣಕಾಲು ಎಲ್ಲವೂ ಒಂದೇ ಸಮನೆ ಅಲುಗುತ್ತಿದ್ದವು. ಎಡಕ್ಕೆ ವಾಲಿದರೆ ಬಲಕ್ಕೆ ಎಳೆಯುವುದು, ಬಲಕ್ಕೆ ಹೋದರೆ ಎಡಕ್ಕೆ ತರುವುದು. ಸಮತೋಲನ ಅಂದರೆ ಅಲುಗದೆ ನಿಲ್ಲುವುದು ಎಂದು ನಾನು ಬಹಳ ಕಾಲ ಅಂದುಕೊಂಡಿದ್ದೆ. ಹಾಗಲ್ಲ. ಅದು ತಪ್ಪುವುದು, ತಿದ್ದಿಕೊಳ್ಳುವುದು, ಮತ್ತೆ ತಪ್ಪುವುದು. ಈ ಕೆಲಸ ನಿಲ್ಲುವುದೇ ಇಲ್ಲ.

ಇನ್ನೊಂದೇ ಒಂದು. ಎರಡೂ ಪಾದ ನೆಲದ ಮೇಲಿರಲಿ. ಒಂದರ ಹಿಂದೆ ಒಂದು, ಮುಂದಿನ ಹಿಮ್ಮಡಿಗೆ ಹಿಂದಿನ ಬೆರಳು ತಾಗುವ ಹಾಗೆ. ಈಗ ಕಣ್ಣು ಮುಚ್ಚಿ. ಎಲ್ಲರೂ ತೂಗಾಡುತ್ತಿದ್ದೀರಿ. ಈಗ ತೋರುಬೆರಳಿನ ತುದಿಯನ್ನು ಕುರ್ಚಿಗೆ ತಾಗಿಸಿ. ಒರಗಬೇಡಿ, ಬರೀ ತಾಗಿಸಿ. ನೋಡಿ, ತೂಗಾಟ ಕಮ್ಮಿಯಾಯಿತು.

ಅಮೆರಿಕದಲ್ಲಿ ಜೆಕಾ ಮತ್ತು ಲ್ಯಾಕ್ನರ್ ಎಂಬ ಇಬ್ಬರು ವಿಜ್ಞಾನಿಗಳು 1994ರಲ್ಲಿ ಇದನ್ನು ಅಳೆದು ಪ್ರಕಟಿಸಿದರು. ಜನರನ್ನು ಹೀಗೇ ನಿಲ್ಲಿಸಿ, ಬೆರಳಿನ ತುದಿಯನ್ನು ಒಂದು ಪಟ್ಟಿಗೆ ತಾಗಿಸಲು ಹೇಳಿದರು. ಬೆರಳಿನ ಒತ್ತಡ ನೂರು ಗ್ರಾಂ ತೂಕಕ್ಕಿಂತ ಕಮ್ಮಿ ಇರಬೇಕಿತ್ತು. ಅಷ್ಟು ಒತ್ತಡ ಒಬ್ಬ ಮನುಷ್ಯನನ್ನು ಬೀಳದಂತೆ ಹಿಡಿಯಲಾರದು. ಆದರೂ ದೇಹ ತೂಗುವುದು ತುಂಬಾ ಕಮ್ಮಿಯಾಯಿತು. ಆ ಬೆರಳು ನಮ್ಮ ಭಾರ ಹೊರುವುದಿಲ್ಲ. 'ನೀನು ಈ ಕಡೆ ವಾಲುತ್ತಿದ್ದೀಯ' ಎಂದು ಮಿದುಳಿಗೆ ಸುದ್ದಿ ಕೊಡುತ್ತದೆ, ಅಷ್ಟೇ. ತಿದ್ದಿಕೊಳ್ಳುವ ಕೆಲಸ ನಮ್ಮ ಕಾಲೇ ಮಾಡುತ್ತದೆ.

ಕೂತುಕೊಳ್ಳಿ. ನಾನು ಇವತ್ತು ಹೇಳಬೇಕಿರುವುದು ಒಂದು ಜಿಮ್ಮಿನ ಬಗ್ಗೆ. ಅಲ್ಲಿ ನನಗೆ ತೋಳಿಗೆ ಬಲ ಬಂತು, ನಿಜ. ಆದರೆ ಅದಕ್ಕಿಂತ ಜಾಸ್ತಿಯಾಗಿ ಸಿಕ್ಕಿದ್ದು ಈ ಬೆರಳು.

ಆರು ವರ್ಷದ ಹಿಂದೆ ನಮ್ಮಮ್ಮ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು, ಆಪರೇಷನ್ ಆಯಿತು. ಆಗ ಅವರಿಗೆ ಎಪ್ಪತ್ತೈದು, ನನಗೆ ಐವತ್ತೊಂದು. ಆಸ್ಪತ್ರೆಯಿಂದ ಮನೆಗೆ ಬಂದ ಮೂರನೇ ದಿನ, ಅವರನ್ನು ಮಂಚದಿಂದ ಎಬ್ಬಿಸಲು ಹೋದಾಗ ನನ್ನ ಬೆನ್ನು ಹಿಡಿದುಕೊಂಡಿತು. ಅಮ್ಮ ಮಂಚದ ಮೇಲೆ, ನಾನು ಪಕ್ಕದಲ್ಲಿ ಚಾಪೆಯ ಮೇಲೆ. ಇಬ್ಬರನ್ನೂ ನೋಡಿಕೊಂಡಿದ್ದು ನನ್ನ ಮಗಳು. ಚಾಪೆಯ ಮೇಲೆ ಮಲಗಿದ್ದಾಗ ಒಂದು ಯೋಚನೆ ಬಂತು. ನೆಲದ ಮೇಲೆ ಕೂತರೆ ಏನನ್ನಾದರೂ ಹಿಡಿಯದೆ ನಾನು ಎದ್ದು ಎಷ್ಟು ವರ್ಷ ಆಯಿತು? ನೆನಪಾಗಲಿಲ್ಲ. ಬ್ಯಾಂಕಿನ ಕೆಲಸದಲ್ಲಿ ಇಪ್ಪತ್ತೇಳು ವರ್ಷ ಕುರ್ಚಿಯ ಮೇಲೆ ಕಳೆದಿದ್ದೆ.

ಇದು ನನ್ನೊಬ್ಬಳ ಕಥೆಯಲ್ಲ. 2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಒಂದು ದೊಡ್ಡ ಲೆಕ್ಕ ಬಂತು. ನಮ್ಮ ದೇಶದ ವಯಸ್ಕರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ಬೇಕಾದಷ್ಟು ದೈಹಿಕ ಚಟುವಟಿಕೆ ಇಲ್ಲ. ಹೆಂಗಸರಲ್ಲಿ ಅದು ನೂರಕ್ಕೆ 57, ಗಂಡಸರಲ್ಲಿ 42. ಮನೆಗೆಲಸ ಮಾಡುತ್ತಾ ದಿನವಿಡೀ ಓಡಾಡುತ್ತೇವೆ ಎಂದು ನಾವು ಹೆಂಗಸರು ಅಂದುಕೊಳ್ಳುತ್ತೇವೆ. ಸುಸ್ತಾಗುವುದೇ ಬೇರೆ, ದೇಹಕ್ಕೆ ಬಲ ಬರುವುದೇ ಬೇರೆ.

ಬೆನ್ನು ಸರಿಹೋದ ಮೇಲೆ ಮೊದಲು ಒಂದು ದೊಡ್ಡ ಜಿಮ್ಮಿಗೆ ಸೇರಿದೆ. ಹೆಸರು ಬೇಡ. ಸುತ್ತಲೂ ಕನ್ನಡಿ, ಎದುರಿಗೆ ಟಿವಿ, ಎಲ್ಲರ ಕಿವಿಯಲ್ಲೂ ಇಯರ್‌ಫೋನ್. ಟ್ರೆಡ್‌ಮಿಲ್ ಹತ್ತಿ ಅರ್ಧ ಗಂಟೆ ನಡೆಯಿರಿ ಎಂದರು. ನನಗೆ ಏನು ಬೇಕು ಎಂದು ಯಾರೂ ಕೇಳಲಿಲ್ಲ. ಮೂರು ತಿಂಗಳಾದ ಮೇಲೆ ಮಂಡಿ ನೋಯಲು ಶುರುವಾಯಿತು, ಬಿಟ್ಟೆ. ಬಿಟ್ಟಿದ್ದು ಯಾರಿಗೂ ತಿಳಿಯಲಿಲ್ಲ. ಆ ನೋವು ಮಂಡಿನೋವಿಗಿಂತ ಹೆಚ್ಚು ದಿನ ಉಳಿಯಿತು.

ಈಗಿನ ಜಾಗ ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿದೆ. ಕನ್ನಡಿ ಇಲ್ಲ. ರಬ್ಬರ್ ಹಾಸಿದ ನೆಲ, ಕೆಟಲ್‌ಬೆಲ್ ಎಂಬ ಹಿಡಿಕೆಯಿರುವ ಕಬ್ಬಿಣದ ಗುಂಡುಗಳು, ಕಬ್ಬಿಣದ ರಾಡು, ಮರದ ಡಬ್ಬ, ಹಗ್ಗ. ಗೋಡೆಯ ಮೇಲೆ ಒಂದು ಬಿಳಿ ಬೋರ್ಡ್. ಅದರ ಮೇಲೆ ಆ ದಿನದ ವ್ಯಾಯಾಮ, ಅದರ ಕೆಳಗೆ ಬ್ಯಾಚಿನವರ ಹೆಸರು. ಮೊದಲ ದಿನ ಕೋಚ್ ನನ್ನ ತೂಕ ಕೇಳಲಿಲ್ಲ. "ಅಮ್ಮ, ಮನೇಲಿ ಯಾವ ಕೆಲಸ ಮಾಡೋಕೆ ಕಷ್ಟ ಆಗ್ತಿದೆ?" ಎಂದು ಕೇಳಿದರು.

ಎರಡು ಹೇಳಿದೆ. ಒಂದು, ತುಂಬಿದ ಗ್ಯಾಸ್ ಸಿಲಿಂಡರ್ ಎತ್ತಿ ಇಡುವುದು. ಇನ್ನೊಂದು, ಅಮ್ಮನನ್ನು ಎಬ್ಬಿಸುವುದು.

"ಹಾಗಾದ್ರೆ ನಮ್ಮ ಸಿಲಬಸ್ ಅದೇ" ಎಂದರು.

ಇಂಥ ವ್ಯಾಯಾಮಕ್ಕೆ ಫಂಕ್ಷನಲ್ ಫಿಟ್‌ನೆಸ್ ಎನ್ನುತ್ತಾರೆ. ಅಂದರೆ ಇಷ್ಟೇ. ಒಂದೊಂದು ಸ್ನಾಯುವನ್ನು ಬೇರೆ ಬೇರೆ ಮೆಷೀನಿನ ಮೇಲೆ ಉಬ್ಬಿಸುವುದಲ್ಲ. ಬದುಕಿನಲ್ಲಿ ದೇಹ ಮಾಡುವ ಕೆಲಸಗಳನ್ನೇ ಅಭ್ಯಾಸ ಮಾಡುವುದು. ಕೂರುವುದು, ಏಳುವುದು, ಬಗ್ಗಿ ಎತ್ತುವುದು, ತಳ್ಳುವುದು, ಎಳೆಯುವುದು, ಹೊತ್ತು ನಡೆಯುವುದು, ತಿರುಗುವುದು. ಸ್ಕ್ವಾಟ್ ಅನ್ನುವುದು ಕುರ್ಚಿಯಿಂದ ಏಳುವುದೇ. ಡೆಡ್‌ಲಿಫ್ಟ್ ಅಂದರೆ ನೆಲದಲ್ಲಿರುವುದನ್ನು ಬೆನ್ನು ಬಾಗಿಸದೆ, ಸೊಂಟದಿಂದ ಬಗ್ಗಿ ಎತ್ತುವುದು. ಫಾರ್ಮರ್ಸ್ ಕ್ಯಾರಿ ಎಂಬ ಒಂದು ವ್ಯಾಯಾಮ ಇದೆ. ಎರಡೂ ಕೈಯಲ್ಲಿ ಭಾರ ಹಿಡಿದು ನೆಟ್ಟಗೆ ನಡೆಯುವುದು. ಬೋರ್‌ವೆಲ್ಲಿನಿಂದ ಎರಡು ಕೊಡಪಾನ ನೀರು ತಂದವರಿಗೆ ಅದನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ.

ಇಷ್ಟು ಹೇಳಿದ ಕೂಡಲೇ ಒಂದು ಮಾತು ಬಂದೇ ಬರುತ್ತದೆ. "ನಮ್ಮ ಅಜ್ಜಿಯರು ಬಾವಿ ಸೇದುತ್ತಿದ್ದರು, ಒರಳು ತಿರುಗಿಸುತ್ತಿದ್ದರು, ಅದಕ್ಕೇ ಗಟ್ಟಿಯಾಗಿದ್ದರು. ಅವರಿಗೆ ಯಾವ ಜಿಮ್ಮು?" ಈ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ನಮ್ಮಜ್ಜಿ ಬಾವಿ ಸೇದಿದರು, ರುಬ್ಬಿದರು, ಹೊಲಕ್ಕೆ ಬುತ್ತಿ ಹೊತ್ತರು. ಅರವತ್ತಕ್ಕೆ ಅವರ ಬೆನ್ನು ಗೂನಾಗಿತ್ತು. ಬಸುರಿಯಾದರೂ, ಬಾಣಂತಿಯಾದರೂ, ಜ್ವರ ಬಂದರೂ ಅದೇ ಕೊಡ, ಅದೇ ತೂಕ. ಇವತ್ತು ನಿನಗೆ ಆಗುತ್ತಿಲ್ಲ, ಅರ್ಧ ತುಂಬಿಸು ಎಂದು ಹೇಳುವವರು ಇರಲಿಲ್ಲ. ದುಡಿಮೆ ದೇಹದಿಂದ ತೆಗೆದುಕೊಳ್ಳುತ್ತದೆ. ಕೊಟ್ಟು ತೆಗೆದುಕೊಳ್ಳುವುದಕ್ಕೆ ಅಳತೆ ಬೇಕು, ನಡುವೆ ವಿಶ್ರಾಂತಿ ಬೇಕು, ಹೊಟ್ಟೆಗೆ ಸರಿಯಾಗಿ ಬೀಳಬೇಕು. ನಮ್ಮಜ್ಜಿಗೆ ಮೂರೂ ಇರಲಿಲ್ಲ. ನನಗೆ ಇವೆ. ಅದಕ್ಕೇ ನಾನು ಜಿಮ್ಮಿಗೆ ಹೋಗುವುದು ಅವರಿಗೆ ಮಾಡುವ ಅಗೌರವ ಎಂದು ನನಗೆ ಅನಿಸಿಲ್ಲ.

ನನ್ನ ಅಳತೆ ಹೇಗಿತ್ತು ಹೇಳುತ್ತೇನೆ. ಮೊದಲ ಎರಡು ವಾರ ಕೈಗೆ ಕೊಟ್ಟಿದ್ದು ಬರೀ ಒಂದು ಪ್ಲಾಸ್ಟಿಕ್ ಪೈಪ್. ಅದನ್ನು ಬೆನ್ನಿಗೆ ಹಿಡಿದು ಬಗ್ಗುವುದನ್ನು ಕಲಿಸಿದರು. ತಲೆ, ಬೆನ್ನು, ಬಾಲಮೂಳೆ ಮೂರೂ ಪೈಪಿಗೆ ತಾಗಿರಬೇಕು. ಆಮೇಲೆ ಎಂಟು ಕೆ.ಜಿ. ಕೆಟಲ್‌ಬೆಲ್. ಎರಡು ತಿಂಗಳಾದ ಮೇಲೆ ಹನ್ನೆರಡು, ನಂತರ ಹದಿನಾರು. ನಮ್ಮ ಮನೆಯ ಸಿಲಿಂಡರಿನಲ್ಲಿ 14.2 ಕೆ.ಜಿ. ಗ್ಯಾಸ್ ಇರುತ್ತದೆ, ಖಾಲಿ ಸಿಲಿಂಡರಿನ ತೂಕ ಸೇರಿದರೆ ಸುಮಾರು 30 ಕೆ.ಜಿ. ಒಂಬತ್ತನೇ ತಿಂಗಳಲ್ಲಿ ನಾನು 30 ಕೆ.ಜಿ. ರಾಡನ್ನು ಐದು ಸಲ ಎತ್ತಿದೆ. ಬ್ಯಾಚಿನವರೆಲ್ಲ ನಿಂತು ಎಣಿಸಿದರು. ಐದನೆಯದನ್ನು ಇಳಿಸಿದಾಗ ಯಾರೋ "ಮೇಡಂ ಸಿಲಿಂಡರ್ ಎತ್ತಿದ್ರು!" ಎಂದು ಕೂಗಿದರು. ಬೋರ್ಡಿನ ಮೇಲೆ ನನ್ನ ಹೆಸರಿನ ಮುಂದೆ ಕೋಚ್ ಒಂದು ಪುಟ್ಟ ಸಿಲಿಂಡರಿನ ಚಿತ್ರ ಬರೆದರು. ಮನೆಗೆ ಹೋಗಿ ಅಮ್ಮನಿಗೆ ಹೇಳುವಾಗ ಗಂಟಲು ಕಟ್ಟಿತ್ತು.

ಬೆಳಗ್ಗೆ ಆರರ ಬ್ಯಾಚ್ ನಮ್ಮದು. ಹದಿನಾಲ್ಕು ಜನ. ಒಬ್ಬರು ಆಟೋ ಓಡಿಸುತ್ತಾರೆ, ಒಬ್ಬರು ನಿವೃತ್ತ ಮೇಷ್ಟ್ರು, ಇಬ್ಬರು ಕಾಲೇಜು ಹುಡುಗರು, ಒಬ್ಬಳು ಸಾಫ್ಟ್‌ವೇರ್ ಕಂಪನಿಯ ಹುಡುಗಿ, ಹೂವಿನ ಅಂಗಡಿಯ ಒಬ್ಬ ತಾಯಿ, ಹೀಗೆ. ಬೇರೆಲ್ಲೂ ನಾವು ಒಟ್ಟಿಗೆ ಸೇರುವ ಜನವೇ ಅಲ್ಲ. ಬೋರ್ಡಿನ ಮೇಲಿನ ವ್ಯಾಯಾಮ ಮಾತ್ರ ಎಲ್ಲರಿಗೂ ಒಂದೇ. ತೂಕ ಬೇರೆ, ಎತ್ತರ ಬೇರೆ. ಆಟೋ ಅಣ್ಣ ನೆಲದ ಮೇಲೆ ದಂಡ ಹೊಡೆದರೆ ಮೇಷ್ಟ್ರು ಗೋಡೆಗೆ ಕೈ ಕೊಟ್ಟು ಹೊಡೆಯುತ್ತಾರೆ. ಇಬ್ಬರಿಗೂ ಹತ್ತು ಅಂದರೆ ಹತ್ತೇ. ಮೊದಲು ಮುಗಿಸಿದವರು ಚೀಲ ಎತ್ತಿಕೊಂಡು ಹೊರಡುವ ಹಾಗಿಲ್ಲ. ಕೊನೆಯವರು ಮುಗಿಸುವ ತನಕ ನಿಂತು ಎಣಿಸಬೇಕು. ಮೊದಲ ಆರು ತಿಂಗಳು ಆ ಕೊನೆಯವಳು ನಾನೇ. ಹದಿಮೂರು ಜನ ನನಗಾಗಿ ಎಣಿಸುವಾಗ ಕಾಲಿಗೆ ಎಲ್ಲಿಂದಲೋ ಬಲ ಬರುತ್ತಿತ್ತು.

ಇದು ಬರೀ ಭಾವನೆಯ ಮಾತಲ್ಲ. 2009ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ದೋಣಿ ಹುಟ್ಟು ಹಾಕುವ ತಂಡದ ಹುಡುಗರ ಮೇಲೆ ನಡೆಸಿದ ಒಂದು ಪ್ರಯೋಗ ಪ್ರಕಟವಾಯಿತು. ಅವರು ಹುಟ್ಟು ಹಾಕುವ ಮೆಷೀನಿನ ಮೇಲೆ ಒಂದು ದಿನ ಒಬ್ಬೊಬ್ಬರೇ, ಇನ್ನೊಂದು ದಿನ ಎಲ್ಲರೂ ಒಂದೇ ಲಯದಲ್ಲಿ ಅಭ್ಯಾಸ ಮಾಡಿದರು. ಆಮೇಲೆ ಬಿ.ಪಿ. ನೋಡುವ ಪಟ್ಟಿಯನ್ನು ತೋಳಿಗೆ ಬಿಗಿದು, ಎಷ್ಟು ನೋವು ತಡೆಯುತ್ತಾರೆ ಎಂದು ನೋಡಿದರು. ಪಟ್ಟ ಶ್ರಮ ಎರಡೂ ದಿನ ಒಂದೇ. ಆದರೆ ಒಟ್ಟಿಗೆ ಮಾಡಿದ ದಿನ ನೋವು ತಡೆಯುವ ಶಕ್ತಿ ಸ್ಪಷ್ಟವಾಗಿ ಜಾಸ್ತಿ ಇತ್ತು. ನಾಟಿ ಹಾಕುವಾಗ, ರಾಗಿ ಬೀಸುವಾಗ ನಮ್ಮ ಹೆಂಗಸರು ಯಾಕೆ ಒಟ್ಟಿಗೆ ಹಾಡಿಕೊಳ್ಳುತ್ತಿದ್ದರು ಎಂದು ಅದನ್ನು ಓದಿದ ದಿನ ನನಗೆ ಅರ್ಥವಾಯಿತು.

ಸಾಫ್ಟ್‌ವೇರ್ ಹುಡುಗಿಯ ವಿಷಯ ಹೇಳಬೇಕು. ಅವಳನ್ನು ಕೇಳಿಯೇ ಹೇಳುತ್ತಿದ್ದೇನೆ. ಬೇರೆ ಊರಿಂದ ಬಂದು ಪಿ.ಜಿ.ಯಲ್ಲಿ ಇದ್ದಾಳೆ. ಕೆಲಸ ಲ್ಯಾಪ್‌ಟಾಪಿನಲ್ಲಿ, ಊಟ ಆ್ಯಪಿನಲ್ಲಿ. ಒಂದು ದಿನ ಮೆಟ್ಟಿಲ ಮೇಲೆ ಕೂತು ಶೂ ಕಟ್ಟಿಕೊಳ್ಳುತ್ತಾ ಹೇಳಿದಳು: "ಆಂಟಿ, ಇಡೀ ದಿನದಲ್ಲಿ ಯಾರಾದ್ರೂ ನನ್ನ ಹೆಸರು ಹಿಡಿದು ಕರೆಯೋದು ಇಲ್ಲಿ ಮಾತ್ರ." ಅವಳಿಗೆ ಇಪ್ಪತ್ತಾರು ವರ್ಷ. ಇಷ್ಟು ದೊಡ್ಡ ಬೆಂಗಳೂರಿನಲ್ಲಿ.

2023ರಲ್ಲಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಸರ್ಕಾರದ ಪರವಾಗಿ ಜನರಿಗೆ ಆರೋಗ್ಯದ ಸಲಹೆ ಕೊಡುವ ಮುಖ್ಯ ವೈದ್ಯರು, ಆಗಿದ್ದ ಡಾ. ವಿವೇಕ್ ಮೂರ್ತಿ ಅವರು ಒಂಟಿತನವನ್ನೇ ಆರೋಗ್ಯದ ಸಮಸ್ಯೆ ಎಂದು ಕರೆದು, ಅದರ ಬಗ್ಗೆ ಅಧಿಕೃತ ಎಚ್ಚರಿಕೆ ಹೊರಡಿಸಿದರು. ಅವರ ಮನೆತನ ನಮ್ಮ ಮಂಡ್ಯ ಜಿಲ್ಲೆಯ ಹಲ್ಲೇಗೆರೆಯದು. ಯಾರ ಜೊತೆಯೂ ಒಡನಾಟ ಇಲ್ಲದಿದ್ದರೆ ಹೃದಯಕ್ಕೂ ಕೆಡುಕು, ಆಯುಸ್ಸಿಗೂ ಕೆಡುಕು ಎಂಬುದು ಅದರ ಸಾರ. ಹಳ್ಳಿಯ ಜಗಲಿಯ ಮೇಲೆ ಬೆಳೆದವರಿಗೆ ಇದು ವಿಚಿತ್ರ ಅನಿಸಬಹುದು. ಆದರೆ ಜಗಲಿ ಈಗ ಎಲ್ಲಿದೆ? ಫ್ಲಾಟಿನ ಬಾಗಿಲು ಎದುರು ಬದುರು ಇದ್ದರೂ ಹೆಸರು ಗೊತ್ತಿರುವುದಿಲ್ಲ. ದಿನಾ ಒಂದೇ ಹೊತ್ತಿಗೆ, ಒಂದೇ ಜಾಗಕ್ಕೆ, ಒಂದೇ ಕೆಲಸಕ್ಕೆ ಹೋಗುವ ಕಾರಣ ಬೇಕು. ಪರಿಚಯ ಹಾಗೇ ಆಗುತ್ತದೆ.

ವ್ಯಾಯಾಮದ ಜಾಗ ಜನ ಸೇರುವ ಜಾಗವೂ ಆಗುವುದು ನಮಗೆ ಹೊಸದೇನಲ್ಲ. ಮೈಸೂರಿನ ಗರಡಿ ಮನೆಗಳನ್ನು ನೋಡಿ. ಕುಸ್ತಿ ಆಡುವ ಮಟ್ಟಿಯ ಮಣ್ಣಿಗೆ ಕೈ ಮುಟ್ಟಿಸಿ ನಮಸ್ಕಾರ ಮಾಡಿ ಒಳಗಿಳಿಯುತ್ತಾರೆ. ಆ ಮಣ್ಣನ್ನು ಹದ ಮಾಡುವುದೂ ಎಲ್ಲರೂ ಕೂಡಿ ಮಾಡುವ ಕೆಲಸ. ದಂಡ, ಬಸ್ಕಿ, ಗದೆ ತಿರುಗಿಸುವುದು, ಇವುಗಳಲ್ಲಿ ಯಾವುದು ಇವತ್ತಿನ ಫಂಕ್ಷನಲ್ ಟ್ರೈನಿಂಗ್ ಅಲ್ಲ ಹೇಳಿ? ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ ಅವರ ವ್ಯಾಯಾಮಶಾಲೆ ಇತ್ತು. ಅಂಚೆಯ ಮೂಲಕವೂ ಅವರು ದೇಹಸಾಧನೆಯ ಪಾಠ ಕಳಿಸುತ್ತಿದ್ದರು. ಅವರೇ ಕಾದಂಬರಿಕಾರರು ಕೂಡ. ಆ ವ್ಯಾಯಾಮಶಾಲೆಗೆ ಟಿ.ಪಿ. ಕೈಲಾಸಂ ಅವರ ಒಡನಾಟ ಇತ್ತು. ಅಲ್ಲಿ ಮೈ ಬೆಳೆಸಿದ ಹುಡುಗರೇ ಬಣ್ಣ ಹಚ್ಚಿ 'ರವಿ ಕಲಾವಿದರು' ತಂಡದಲ್ಲಿ ನಾಟಕವಾಡಿದರು. ವ್ಯಾಯಾಮಶಾಲೆಯೊಂದು ನಾಟಕ ತಂಡವಾಯಿತು ಅನ್ನುವುದನ್ನು ನೆನೆದಾಗಲೆಲ್ಲ ನನಗೆ ಹೆಮ್ಮೆ. ಒಂದು ಕೊರತೆಯನ್ನೂ ಹೇಳಬೇಕು. ಗರಡಿಯ ಬಾಗಿಲು ಹೆಂಗಸರಿಗೆ ತೆರೆದಿರಲಿಲ್ಲ. ಹೂವಿನ ಅಂಗಡಿಯ ತಾಯಿ ಸೀರೆ ಮನೆಯಲ್ಲಿಟ್ಟು, ಟೀ ಶರ್ಟು ಹಾಕಿಕೊಂಡು ಕೆಟಲ್‌ಬೆಲ್ ಎತ್ತುವುದನ್ನು ನೋಡುವಾಗ, ನಮ್ಮ ಕಾಲಕ್ಕೆ ಇಷ್ಟಾದರೂ ಆಯಿತಲ್ಲ ಅನಿಸುತ್ತದೆ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಕೋಚ್ ಹಿಂದಿನ ದಿನವೇ ಇದ್ದಬದ್ದ ಕೆಟಲ್‌ಬೆಲ್, ಡಂಬೆಲ್‌ಗಳನ್ನೆಲ್ಲ ಆಟೋ ಅಣ್ಣನ ಗಾಡಿಯಲ್ಲಿ ಹಾಕಿ ಮನೆಮನೆಗೆ ಹಂಚಿದರು. ತೂಕ ಸಿಗದವರು ಐದು ಕೆ.ಜಿ. ಅಕ್ಕಿ ಚೀಲ ಎತ್ತಿದರು. ಬೆಳಗ್ಗೆ ಆರಕ್ಕೆ ವಿಡಿಯೊ ಕರೆ. ಆಗಸ್ಟ್ 5ಕ್ಕೆ ಜಿಮ್ಮು ತೆರೆಯಲು ಕೇಂದ್ರ ಸರ್ಕಾರದ ಅನುಮತಿ ಬರುವ ತನಕ ಹಾಗೇ ನಡೆಯಿತು. ಆಟೋ ಓಡದ ಆ ತಿಂಗಳುಗಳಲ್ಲಿ ಆ ಅಣ್ಣನ ಮನೆಗೆ ದಿನಸಿ ಹೋಯಿತು. ಯಾರು ಕಳಿಸಿದರು ಎಂದು ಬೋರ್ಡಿನ ಮೇಲೆ ಯಾರೂ ಬರೆಯಲಿಲ್ಲ.

ಎರಡನೇ ವರ್ಷ ನನ್ನ ಸಮತೋಲನವೇ ತಪ್ಪಿತು. ಕಾಲಿನದಲ್ಲ. ಸಿಲಿಂಡರ್ ಎತ್ತಿದ ಮೇಲೆ ನನಗೆ 60 ಕೆ.ಜಿ. ಎತ್ತಬೇಕು ಎಂಬ ಹಟ ಹತ್ತಿತು. ವಾರಕ್ಕೆ ಮೂರು ದಿನ ಹೋಗುತ್ತಿದ್ದವಳು ಆರು ದಿನ ಹೋದೆ. ಸಂಜೆ ಮನೆಯಲ್ಲಿ ಮತ್ತೆ. ನಿದ್ದೆ ಕೆಟ್ಟಿತು, ಮನೆಯಲ್ಲಿ ಸಿಡುಕು ಶುರುವಾಯಿತು. ಮಗಳ ಜೊತೆ ಕೂತು ಊಟ ಮಾಡುವುದು ನಿಂತಿತು. ನನಗೆ ಇದ್ಯಾವುದೂ ಕಾಣಲಿಲ್ಲ. ಬಲ ಬರುತ್ತಿದೆ ಎಂದೇ ಅಂದುಕೊಂಡಿದ್ದೆ. ಒಂದು ಬೆಳಗ್ಗೆ ರಾಡು ಎತ್ತುತ್ತಿದ್ದಾಗ ಪಕ್ಕದಲ್ಲಿದ್ದ ಆಟೋ ಅಣ್ಣ ಮೆಲ್ಲಗೆ, "ಅಕ್ಕ, ಬೆನ್ನು ಗುಂಡಗಾಗ್ತಿದೆ, ಇಳಿಸಿ" ಎಂದರು. ಇಳಿಸಿದೆ. ಆಮೇಲೆ ನೀರು ಕುಡಿಯುವಾಗ, "ಎರಡು ವಾರದಿಂದ ನೀವು ನಗ್ತಾನೇ ಇಲ್ಲ. ಮನೇಲೆಲ್ಲ ಚೆನ್ನಾಗಿದ್ದಾರಾ?" ಎಂದು ಕೇಳಿದರು.

ನಾನು ಆಗ ಮಾತಾಡದೆ ಮನೆಗೆ ಬಂದೆ. ಆ ದಿನ ಅಮ್ಮನ ಹತ್ತಿರ ಕೂತೆ, ಮಗಳ ಜೊತೆ ಊಟ ಮಾಡಿದೆ. ಮರುದಿನ ಕೋಚ್ ಜೊತೆ ಕೂತು ವಾರಕ್ಕೆ ಮೂರೇ ದಿನ ಎಂದು ಬರೆಸಿಕೊಂಡೆ. ಆಟೋ ಅಣ್ಣ ನನ್ನ ಭಾರ ಹೊರಲಿಲ್ಲ, ಬುದ್ಧಿ ಹೇಳಲಿಲ್ಲ. ನಾನು ಎತ್ತ ವಾಲುತ್ತಿದ್ದೇನೆ ಎಂದು ತಿಳಿಸಿದರು. ಹಳೆಯ ಜಿಮ್ಮಿನ ಕನ್ನಡಿ ನನ್ನ ತೋಳನ್ನು ತೋರಿಸುತ್ತಿತ್ತೇ ಹೊರತು ನನ್ನ ಬೆನ್ನನ್ನು ತೋರಿಸುತ್ತಿರಲಿಲ್ಲ. ಬೆನ್ನನ್ನು ನೋಡಲು ಇನ್ನೊಬ್ಬರೇ ಬೇಕು. ಇಂಥ ಮಾತು ಹೇಳಲು ದಿನಾ ಪಕ್ಕದಲ್ಲಿ ನಿಂತು ನೋಡಿರಬೇಕು, ಕೇಳುವವರಿಗೂ ಅವರ ಮೇಲೆ ನಂಬಿಕೆ ಇರಬೇಕು. ಆ ನಂಬಿಕೆ ಬರಲು ನಮಗೆ ಎರಡು ವರ್ಷದ ಬೆಳಗುಗಳು ಬೇಕಾದವು.

ಎಚ್ಚರಿಕೆಯ ಎರಡು ಮಾತು. ಗುಂಪಿನ ಹುಮ್ಮಸ್ಸಿಗೆ ಅಪಾಯವೂ ಇದೆ. ಪಕ್ಕದವರನ್ನು ನೋಡಿ ತೂಕ ಏರಿಸಿದರೆ ಬೆನ್ನು, ಭುಜ ಕೆಡುತ್ತದೆ. ಇನ್ನೂ ಇನ್ನೂ ಎಂದು ಕೂಗುವ ಕೋಚ್‌ಗಿಂತ 'ಇವತ್ತಿಗೆ ಸಾಕು' ಎಂದು ಹೇಳಬಲ್ಲವರನ್ನು ಹುಡುಕಿ. ಸಕ್ಕರೆ ಕಾಯಿಲೆ, ಬಿ.ಪಿ., ಹೃದಯದ ತೊಂದರೆ, ಮೂಳೆ ಸವೆತ ಇರುವವರು ಡಾಕ್ಟರನ್ನು ಕೇಳಿಯೇ ಶುರು ಮಾಡಿ.

ದುಡ್ಡಿನ ಮಾತನ್ನು ಮೊನ್ನೆ ಒಬ್ಬರು ಕೇಳಿದರು. ಜಿಮ್ಮಿನ ಫೀಸು ಎಲ್ಲರಿಗೂ ಆಗುವುದಿಲ್ಲ, ನಿಜ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆಯಂಥ ಚಟುವಟಿಕೆ, ಅದರ ಜೊತೆ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ಕೆಲಸ. ಅರವತ್ತೈದು ದಾಟಿದವರಿಗೆ ವಾರಕ್ಕೆ ಮೂರು ದಿನ ಸಮತೋಲನದ ಅಭ್ಯಾಸವೂ ಸೇರಬೇಕು. ಇದಕ್ಕೆ ಕಬ್ಬಿಣ ಬೇಕೇ ಬೇಕು ಅಂತಿಲ್ಲ. ಪಾರ್ಕಿನ ಕಲ್ಲು ಬೆಂಚಿನಿಂದ ಕೈ ಊರದೆ ಹತ್ತು ಸಲ ಏಳಿ. ಎರಡು ಚೀಲದಲ್ಲಿ ನೀರಿನ ಬಾಟಲಿ ತುಂಬಿ ಹಿಡಿದು ನಡೆಯಿರಿ. ಗೋಡೆಗೆ ದಂಡ ಹೊಡೆಯಿರಿ. ಆದರೆ ಒಬ್ಬರೇ ಹೋಗಬೇಡಿ. ನಾಲ್ಕು ಜನ ಆಗಿ. ಬರದಿದ್ದವರ ಮನೆಗೆ ಫೋನ್ ಮಾಡಿ.

ನಮ್ಮಮ್ಮನಿಗೆ ಈಗ ಎಂಬತ್ತೊಂದು. ಅಮ್ಮನಿಗೆ ಕೋಚ್ ಕುರ್ಚಿಯಿಂದ ಏಳುವ ಅಭ್ಯಾಸ ಹೇಳಿಕೊಟ್ಟರು, ಫಿಸಿಯೋಥೆರಪಿಸ್ಟ್ ಒಪ್ಪಿದ ಮೇಲೆ. ಮೊದಲು ಎರಡು ದಿಂಬು ಹಾಕಿ ಎತ್ತರ ಮಾಡಿದ ಕುರ್ಚಿ, ಆಮೇಲೆ ಒಂದು ದಿಂಬು, ಈಗ ಬರೀ ಕುರ್ಚಿ. ಬೆಳಗ್ಗೆ ಕಾಫಿ ಕಾಯುವಾಗ ಅಡುಗೆಮನೆಯ ಕಟ್ಟೆಗೆ ಒಂದು ಬೆರಳು ತಾಗಿಸಿ ಒಂದು ಕಾಲಲ್ಲಿ ನಿಲ್ಲುತ್ತಾರೆ. ಹಾಲು ಉಕ್ಕುವ ತನಕ ನಾನು ಪಕ್ಕದಲ್ಲೇ ಇರುತ್ತೇನೆ.

ಅವರನ್ನು ನೋಡಿ ಅಕ್ಕಪಕ್ಕದ ನಾಲ್ಕು ಹಿರಿಯರು ಸೇರಿಕೊಂಡರು. ಹಾಗಾಗಿ ಶನಿವಾರ ಏಳೂವರೆಗೆ, ಬ್ಯಾಚ್ ಮುಗಿದ ಮೇಲೆ, ಹಿರಿಯರಿಗಾಗಿ ಅರ್ಧ ಗಂಟೆ ಇಟ್ಟಿದ್ದೇವೆ. ಅದಕ್ಕೆ ಫೀಸು ಇಲ್ಲ. ಮೇಷ್ಟ್ರು ಎಣಿಸುತ್ತಾರೆ, ಕಾಲೇಜು ಹುಡುಗರು ಒಬ್ಬೊಬ್ಬರ ಪಕ್ಕ ನಿಲ್ಲುತ್ತಾರೆ. ಮೆಟ್ಟಿಲು ಹದಿನೆಂಟು ಇವೆ, ಎರಡೂ ಕಡೆ ಕಂಬಿ ಇದೆ, ಹತ್ತಿಸಲು ಜನ ಇರುತ್ತಾರೆ. ಚಪ್ಪಲಿಯ ಬದಲು ಹಿಡಿತ ಇರುವ ಶೂ ಹಾಕಿಕೊಂಡು ಬನ್ನಿ. ಕುರ್ಚಿ ಕಮ್ಮಿ ಬಿದ್ದರೆ ಕೆಳಗಿನ ಅಂಗಡಿಯವರು ಕೊಡುತ್ತೇವೆ ಎಂದಿದ್ದಾರೆ.